ದರ್ಜಿ ಕಟ್ಟಿದ ಜೋಡಿ

ತದ್ದೆಯಾಳ ಕೋಣೆ ಎಂದರೆ ಅದು ಕೋಣೆಯೇ ಅಲ್ಲ. ದೊರೆಸಾನಿಯ ಬಟ್ಟೆಮನೆಯ ಹಿಂದೆ, ಎರಡು ಗೋಡೆಗಳ ನಡುವೆ ಉಳಿದುಹೋದ ಒಂದು ಸಂದಿ. ಮಂಚ ಹಾಕಿದ ಮೇಲೆ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಆದರೆ ಕೆಳಗಿನ ಅಡುಗೆಮನೆಯ ಹೊಗೆಗೂಡು ಆ ಗೋಡೆಯೊಳಗಿಂದಲೇ ಮೇಲೆ ಹಾದುಹೋಗಿತ್ತು. ಚಳಿಯಲ್ಲಿ ಅದಕ್ಕೆ ಬೆನ್ನು ಕೊಟ್ಟು ಕೂತರೆ ಕೆಳಗೆ ಒಲೆ ಎಷ್ಟು ಉರಿಯುತ್ತಿದೆ, ಇವತ್ತು ಬಾತುಕೋಳಿಯೋ ಬರೀ ಗಂಜಿಯೋ ಎನ್ನುವುದೆಲ್ಲ ಬೆನ್ನಿಗೇ ತಿಳಿಯುತ್ತಿತ್ತು. ಬೆಟ್ಟದ ಊರಲ್ಲಿ ಮಲತಾಯಿಯ ಮಕ್ಕಳ ಕಾಲ ಬುಡದಲ್ಲಿ ಮುದುರಿ ಮಲಗಿ ಬೆಳೆದವಳಿಗೆ ಇಷ್ಟು ಬಿಸಿಯನ್ನು ಒಬ್ಬಳೇ ಅನುಭವಿಸುವುದು ಮೊದಮೊದಲು ಪಾಪವೆನಿಸಿತ್ತು. ಆಮೇಲೆ ಅಭ್ಯಾಸವಾಯಿತು.

ಈಗ ಆ ಗೋಡೆಯೇ ಕೈತಪ್ಪುವ ಹಾಗಿತ್ತು. ಸಾನ್ ಮಾರ್ತಿನೊ ಹಬ್ಬದ ಹಿಂದಿನ ದಿನ ದೊರೆಸಾನಿ ಇಸೊತ್ತಾ ಅವರ ಚಿಕ್ಕಪ್ಪ ಎರ್ಕೊಲಾನೊ ಹೊಳೆನಾಡಿನಿಂದ ಪರಿವಾರ ಕಟ್ಟಿಕೊಂಡು ರೊಕ್ಕಾಲ್ವಾ ಅರಮನೆಗೆ ಬಂದಿಳಿದರು. ಹಬ್ಬದೂಟಕ್ಕೆ ಬಂದೆ ಎಂದರು. ಆದರೆ ಅವರ ಕುದುರೆಗಳ ಹಿಂದೆ ಎರಡು ಹೇಸರಗತ್ತೆಗಳು ಹೊತ್ತ ಒಂದು ಮೇನೆಯೂ ಬಂತು. ಹಸಿರು ಪರದೆ, ಒಳಗೆ ಹೊಸ ದಿಂಬು. ಕೂತವರು ಯಾರೂ ಇಲ್ಲ. ಅಂಗಳದಲ್ಲಿ ಇಳಿಸಿಟ್ಟ ಆ ಖಾಲಿ ಮೇನೆಯನ್ನು ನೋಡಿದ್ದೇ ಅಡುಗೆಯವರಿಂದ ಲಾಯದವರ ತನಕ ಎಲ್ಲರಿಗೂ ವಿಷಯ ಅರ್ಥವಾಯಿತು. ತಮ್ಮ ಮನೆಯ ಹೆಣ್ಣಿಗೆ ಇಲ್ಲಿ ಮರ್ಯಾದೆ ಇದೆ ಎಂದು ಮುದುಕರಿಗೆ ಕಂಡರೆ ಮೇನೆ ಬಂದ ಹಾಗೇ ಹಿಂದಿರುಗುತ್ತದೆ. ಇಲ್ಲವೆಂದು ಕಂಡರೆ ತುಂಬಿಕೊಂಡು ಹೋಗುತ್ತದೆ. ದೊರೆಸಾನಿ ಹೋದರೆ ಬಟ್ಟೆಮನೆಗೆ ಬೀಗ ಬೀಳುತ್ತದೆ, ತದ್ದೆಯಾ ಬೆಟ್ಟ ಹತ್ತಬೇಕಾಗುತ್ತದೆ. ಅಲ್ಲಿ ಮಲತಾಯಿ ಅವಳಿಗಾಗಿ ಒಬ್ಬ ಹೆಂಡತಿ ಸತ್ತ ಆಡು ಕಾಯುವವನನ್ನು ಗೊತ್ತು ಮಾಡಿ ಇಟ್ಟಿದ್ದಳು. ಚೆಸ್ಟ್‌ನಟ್ ಕಾಯಿ ಹೊತ್ತು ತರುವವರ ಕೈಯಲ್ಲಿ ಪ್ರತಿ ಸಲವೂ ಹೇಳಿ ಕಳಿಸುತ್ತಿದ್ದಳು, ಅವನು ಇನ್ನೂ ಕಾಯುತ್ತಿದ್ದಾನೆ ಎಂದು.

ಮರ್ಯಾದೆ ಇರಲಿಲ್ಲ ಎಂದಲ್ಲ. ಮಾತಿರಲಿಲ್ಲ. ಅದೂ ಒಂದು ಗೊರಕೆಯಿಂದ.

ಹಿಂದಿನ ವರ್ಷ ಇದೇ ಹೊತ್ತಿಗೆ ದೊರೆಸಾನಿ ಸಭೆಯ ಮುಂದೆ ವೀಣೆಯಂಥ ತಂತಿವಾದ್ಯ ಹಿಡಿದು ಹಾಡಿದ್ದರು. ನಾಲ್ಕು ಊರಿನ ರಾಯಭಾರಿಗಳು ಕೂತಿದ್ದರು. ಹಾಡು ಅತಿ ಮೆಲ್ಲಗಾಗುವ ಜಾಗದಲ್ಲಿ, ಎಲ್ಲರೂ ಉಸಿರು ಬಿಗಿಹಿಡಿದಿರುವಾಗ, ದೊರೆ ಓಬಿಜ್ಜೊ ಗೊರಕೆ ಹೊಡೆದರು. ಸಣ್ಣದಲ್ಲ, ಮರ ಕೊಯ್ಯುವಂಥದ್ದು. ಯಾರೋ ನಕ್ಕರು. ದೊರೆಸಾನಿ ಹಾಡು ಮುಗಿಸಿಯೇ ಎದ್ದರು, ಆದರೆ ಮಾರನೆಯ ದಿನ ಇನ್ನು ದೊರೆಯವರ ನಿದ್ದೆಗೆ ತಾವು ಅಡ್ಡ ಬರುವುದಿಲ್ಲ ಎಂದು ಹೇಳಿಸಿ ಪಶ್ಚಿಮದ ಕೋಣೆಗಳಿಗೆ ಹೊರಟುಹೋದರು. ದೊರೆ ಪೂರ್ವದಲ್ಲೇ ಉಳಿದರು. ಕ್ಷಮಿಸು ಎನ್ನಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಅಂದಿನಿಂದ ಹೆಂಡತಿಯನ್ನು 'ತಾವು' ಎಂದು ಕರೆಯತೊಡಗಿದರು. 'ತಾವು ಊಟಕ್ಕೆ ಬರುತ್ತೀರೋ', 'ತಮಗೆ ಚಳಿಯೋ', ಅದನ್ನೂ ಪಾರುಪತ್ತೇಗಾರನ ಬಾಯಿಂದ. ಪಾಪ, ಆ ಮನುಷ್ಯ ಪೂರ್ವಕ್ಕೂ ಪಶ್ಚಿಮಕ್ಕೂ ನಡೆದು ನಡೆದು ಸೊರಗಿಹೋಗಿದ್ದ.

ಚಿಕ್ಕಪ್ಪ ಬರುವ ಸುದ್ದಿ ತಿಳಿದಾಗ ಅವನೇ ಒಂದು ಉಪಾಯ ಮಾಡಿದ. ಔತಣವನ್ನು ಭರ್ಜರಿ ಮಾಡುವುದು. ಗಂಡಹೆಂಡಿರಿಗೆ ಒಂದೇ ಥಾನಿನ ಬಟ್ಟೆ ಹೊಲಿಸುವುದು. ಕೆಂಪು ರೇಷ್ಮೆ, ಬೆಳ್ಳಿ ಕಸೂತಿ. ಮಾತಾಡದಿದ್ದರೂ ಬಟ್ಟೆಯಾದರೂ ಹೊಂದಲಿ ಎಂದು.

ಆಗಿನ ಅಂಗಿಗಳಿಗೆ ತೋಳು ಬೇರೆ, ಮೈ ಬೇರೆ. ತೋಳನ್ನು ಭುಜದ ಹತ್ತಿರ ಲಾಡಿಗಳಿಂದ ಕಟ್ಟಿಕೊಳ್ಳಬೇಕು. ಗಂಡಸಾಗಲಿ ಹೆಂಗಸಾಗಲಿ, ಅಂತಸ್ತು ಇರುವುದೆಲ್ಲ ತೋಳಿನಲ್ಲಿ. ಬೆಟ್ಟದ ಜನರಿಗೆ ಒಂದೇ ಜೊತೆ ತೋಳು. ಹಬ್ಬಕ್ಕೆ ತೆಗೆದು, ಮತ್ತೆ ಎಡಬಲ ಸೇರಿಸಿ ದಾರದಲ್ಲಿ ಕಟ್ಟಿ ಪೆಟ್ಟಿಗೆಗೆ ಹಾಕುತ್ತಾರೆ. ಕಟ್ಟಿದ್ದೆಂದರೆ ಜೊತೆ. ತದ್ದೆಯಾಳಿಗೆ ಗೊತ್ತಿದ್ದದ್ದು ಅಷ್ಟೇ.

ಹಬ್ಬದ ದಿನ ಮಧ್ಯಾಹ್ನ ದರ್ಜಿ ಜಿಲಿಯೊನ ಮನೆಯಿಂದ ಬುಟ್ಟಿ ಬಂತು. ಒಳಗೆ ಬಿಳಿ ನಾರುಬಟ್ಟೆಯಲ್ಲಿ ಸುತ್ತಿದ ಎರಡು ಗಂಟುಗಳು, ಪ್ರತಿ ಗಂಟಿನಲ್ಲೂ ನೀಲಿ ದಾರದಿಂದ ಬಿಗಿದ ಎರಡು ತೋಳು, ಒಂದು ಎಡ ಒಂದು ಬಲ. ಎಂದಿನಂತೆ ಬ್ರಿಜಿದಾ ಇದ್ದಿದ್ದರೆ ಬುಟ್ಟಿಗೆ ಬೇರೆ ಯಾರೂ ಕೈ ಹಾಕುತ್ತಿರಲಿಲ್ಲ. ಬಟ್ಟೆಮನೆಗೆ ಅವಳೇ ಯಜಮಾನಿ. ಆದರೆ ಅವತ್ತು ಅವಳ ದವಡೆ ಹಲಸಿನಂತೆ ಊದಿ, ಲವಂಗ ಕಚ್ಚಿಕೊಂಡು, ತಲೆಗೆ ಬಟ್ಟೆ ಬಿಗಿದು ಮೂಲೆಯಲ್ಲಿ ನರಳುತ್ತಿದ್ದಳು. ಪೂರ್ವದ ಕಡೆಯಿಂದ ದೊರೆಯ ಆಳು ಫೋಸ್ಕೊ ಬಂದು ಬೇಗ ಕೊಡೆಂದು ಅವಸರ ಮಾಡಿದ. ತದ್ದೆಯಾ ಬಿಚ್ಚಿ ನೋಡಿದಳು. ಮೇಲಿನ ಗಂಟಿನ ಬಲತೋಳಿನ ಮುಂಗೈಪಟ್ಟಿಯಲ್ಲಿ ಕೊಕ್ಕರೆ ಇತ್ತು. ಕೊಕ್ಕರೆ ದೊರೆಸಾನಿಯ ತವರಿನ ಗುರುತು. ಹಾಗಾದರೆ ಇದು ಅಮ್ಮಾವ್ರದ್ದು ಎಂದು ತೆಗೆದಿಟ್ಟು, ಇನ್ನೊಂದು ಗಂಟನ್ನು ಫೋಸ್ಕೊನ ಕೈಗೆ ಕೊಟ್ಟಳು.

ದೊರೆಸಾನಿಗೆ ತೊಡಿಸಿದ್ದೂ ಅವಳೇ. ಅವರು ಕಣ್ಣು ಮುಚ್ಚಿ ಕೈ ಚಾಚಿ ನಿಂತಿದ್ದರು, ನಿಂತೇ ನಿದ್ದೆ ಹೋದವರ ಹಾಗೆ. ಬಲತೋಳು ಚೆನ್ನಾಗಿ ಕೂತಿತು. ಎಡದ್ದು ಉದ್ದವಾಯಿತು, ಬೆರಳುಗಳನ್ನೇ ನುಂಗಿಬಿಟ್ಟಿತು. ಭುಜದ ತೂತುಗಳೂ ಸರಿಯಾಗಿ ಎದುರುಬದುರಾಗಲಿಲ್ಲ. ಎರಡು ಲಾಡಿಯನ್ನು ಒಂದೇ ತೂತಿಗೆ ತುರುಕಿದಳು. ಅವಸರದಲ್ಲಿ ಕಸೂತಿಯನ್ನೂ ನೋಡದೆ ಮುಂಗೈಪಟ್ಟಿಯನ್ನು ಒಳಕ್ಕೆ ಮಡಚಿ ಲೇಸನ್ನು ಮೇಲೆ ಇಳಿಬಿಟ್ಟಳು. ಅನುಮಾನ ಬರಲಿಲ್ಲ ಎಂದಲ್ಲ. ಆದರೆ ಎತ್ತಿನ ಮೂತಿಯಂಥ ಬೂಟುಗಳನ್ನೂ, ಕಣಜದಂಥ ಲಂಗಗಳನ್ನೂ ಈ ಒಂದೂವರೆ ವರ್ಷದಲ್ಲಿ ನೋಡಿದ್ದವಳು, ಈ ವರ್ಷ ಒಂದು ತೋಳು ಉದ್ದ ಇಡುತ್ತಾರೇನೋ ಎಂದುಕೊಂಡಳು. ಕೇಳಲು ನಾಚಿಕೆ.

ದೊರೆಸಾನಿ ಇಳಿದು ಹೋದ ಮೇಲೆ ಅವಳೂ ಬ್ರಿಜಿದಾಳೂ ಸಭಾಂಗಣದ ಮೇಲಿನ ಜಾಲರಿ ಹಿಂದೆ ಹೋಗಿ ನಿಂತರು. ಹಲ್ಲುನೋವಿದ್ದರೂ ಬ್ರಿಜಿದಾ ಔತಣ ಬಿಡುವವಳಲ್ಲ.

ಕೆಳಗೆ ನೋಡಿದರೆ ಕಣ್ಣು ಕೋರೈಸುತ್ತಿತ್ತು. ಗೋಡೆಗೆ ಆನಿಸಿದ ಮೆಟ್ಟಿಲುಮೆಟ್ಟಿಲಿನ ಹಲಗೆಗಳ ಮೇಲೆ ಬೆಳ್ಳಿ ತಟ್ಟೆ, ಬೆಳ್ಳಿ ಹೂಜಿ. ಮೇಲಿನ ಎರಡು ಸಾಲು ಪಕ್ಕದ ಮಠದಿಂದ ಎರವಲು ತಂದದ್ದು. ಅದಕ್ಕೇ ಯಾರ ಕೈಗೂ ಎಟುಕದ ಎತ್ತರದಲ್ಲಿಟ್ಟಿದ್ದರು. ನಡುವಿನ ಮೇಜಿನ ಮೇಲೆ ಸಕ್ಕರೆಯ ಕೋಟೆ, ಬುರುಜಿನ ಮೇಲೆ ಬೆರಳುದ್ದದ ಸಕ್ಕರೆಯ ಸೈನಿಕರು. ಸೂರಿನ ಹತ್ತಿರ ಹಗ್ಗಗಳಲ್ಲಿ ಹತ್ತಿಯ ಮೋಡವೊಂದು ತೂಗುತ್ತಿತ್ತು. ಅದರೊಳಗೆ ರೊಟ್ಟಿಯಂಗಡಿಯವನ ತಮ್ಮ ದಾಂಪತ್ಯದ ದೇವತೆಯ ವೇಷದಲ್ಲಿ ಕೂತಿದ್ದ. ಊಟದ ನಡುವೆ ಮೋಡ ಇಳಿಯಬೇಕು, ಅವನು ಹಾಡಬೇಕು. ಎರ್ಕೊಲಾನೊ ಗಡ್ಡದ ಮೇಲೆ ಕೈ ಇಟ್ಟುಕೊಂಡು ಇದಾವುದನ್ನೂ ನೋಡದೆ ಎರಡು ಬಾಗಿಲುಗಳನ್ನೇ ನೋಡುತ್ತಿದ್ದರು.

ತುತ್ತೂರಿ ಊದಿತು. ಪೂರ್ವದ ಬಾಗಿಲಿನಿಂದ ದೊರೆ, ಪಶ್ಚಿಮದಿಂದ ದೊರೆಸಾನಿ. ನಡುವೆ ಬಂದು ನಿಂತರು. ದೊರೆ ಕೈ ನೀಡಿದರು, ದೊರೆಸಾನಿ ಎಡಗೈ ಎತ್ತಿ ಅದರ ಮೇಲಿಟ್ಟರು. ಮಡಚಿದ ಮುಂಗೈಪಟ್ಟಿ ಬಿಚ್ಚಿಕೊಂಡಿತು, ಲೇಸು ಜಾರಿತು, ಬೆಳ್ಳಿಯ ಗೋಪುರ ಫಳಫಳಿಸಿತು. ಗೋಪುರ ರೊಕ್ಕಾಲ್ವಾ ದೊರೆಗಳ ಗುರುತು. ದೊರೆಯ ಎಡಗೈಯ ಮೇಲೆ ಕೊಕ್ಕರೆ ಒಂಟಿಕಾಲಲ್ಲಿ ನಿಂತಿತ್ತು, ಅದರ ಕೆಳಗೆ ನಾಲ್ಕು ಬೆರಳಗಲ ಬರಿಯ ಮಣಿಕಟ್ಟು, ರೋಮಸಮೇತ.

ಸಭೆಯಲ್ಲಿ ಗುಸುಗುಸು ಎದ್ದಿತು. ಬ್ರಿಜಿದಾ ಲವಂಗವನ್ನು ಉಗುಳಿದಳು.

"ಏನೇ ಮಾಡ್ದೆ?"

ಗಂಟಿನಲ್ಲಿ ಕಟ್ಟಿದ್ದನ್ನೇ ಕೊಟ್ಟೆ ಎಂದಳು ತದ್ದೆಯಾ.

"ಅಯ್ಯೋ ಬೆಟ್ಟದ ಬೆಪ್ಪೇ. ಒಂದೇ ಥಾನಲ್ಲಿ ಗಂಡಹೆಂಡ್ತಿಗೆ ಹೊಲಿದ್ರೆ ಜಿಲಿಯೊ ಅವರದ್ದೊಂದು ಇವರದ್ದೊಂದು ಸೇರಿಸಿ ಕಟ್ತಾನೆ. ಶಕುನಕ್ಕೆ. ನಮ್ಮೂರ ದರ್ಜಿಗಳೆಲ್ಲ ಹಂಗೇ. ಬಿಚ್ಚಿ ಬೇರೆ ಮಾಡ್ಬೇಕಾದ್ದು ನಮ್ಮ ಕೆಲಸ."

ತದ್ದೆಯಾಳ ಕಣ್ಣ ಮುಂದೆ ಹಸಿರು ಪರದೆಯ ಮೇನೆ ಬಂದು ನಿಂತಿತು. ಅದರ ಹಿಂದೆ ಆಡುಗಳು. ದೊರೆಸಾನಿಯನ್ನು ಸಭೆಯಲ್ಲಿ ನಗೆಪಾಟಲು ಮಾಡಿದ್ದು ಒಮ್ಮೆ ಗೊರಕೆ, ಈಗ ಅವಳ ಕೈ. ಅವರು ನಾಳೆಯೇ ಮೇನೆ ಹತ್ತಿದರೂ ತಪ್ಪಿಲ್ಲ.

ಕೆಳಗೆ ಎರ್ಕೊಲಾನೊ ಪಾರುಪತ್ತೇಗಾರನನ್ನು ಕರೆದು ಏನೋ ಕೇಳಿದರು. ಅವನು ಬಾಗಿ, ಇದು ನಮ್ಮ ಸೀಮೆಯ ದರ್ಜಿಗಳ ಜೋಡಿಗಂಟು, ಒಲಿದ ದಂಪತಿಗಳು ಹಬ್ಬದ ದಿನ ಬಿಚ್ಚದೆ ಹಾಗೇ ತೊಡುವುದುಂಟು ಎಂದು ಹೇಳಿದನಂತೆ. ಅರ್ಧ ನಿಜ, ಅರ್ಧ ಆ ಕ್ಷಣ ಹೊಳೆದದ್ದು. ಎರ್ಕೊಲಾನೊ ನಂಬಿದರೋ ಇಲ್ಲವೋ, ಹೂಂ ಎಂದು ಮಾತ್ರ ಅಂದರು. ಕಣ್ಣು ಮಾತ್ರ ಇಬ್ಬರ ಮೇಲಿಂದ ತೆಗೆಯಲಿಲ್ಲ.

ಊಟ ಶುರುವಾಯಿತು. ದೊರೆಯೂ ದೊರೆಸಾನಿಯೂ ಪಕ್ಕಪಕ್ಕ ಕೂತು ನೇರ ಎದುರಿಗೆ ನೋಡುತ್ತ ಉಂಡರು. ಬಾತುಕೋಳಿ ಬಂತು, ಹೊಸ ದ್ರಾಕ್ಷಾರಸ ಬಂತು. ಮೋಡ ಇಳಿಯತೊಡಗಿತು. ಅರ್ಧ ದಾರಿಯಲ್ಲಿ ಒಂದು ಹಗ್ಗ ಸಿಕ್ಕಿಕೊಂಡು, ಮೋಡ ವಾಲಿ, ದೇವತೆ ಸಕ್ಕರೆ ಕೋಟೆಯ ನೇರ ಮೇಲೆ ನೇತಾಡತೊಡಗಿದ. ಹಾಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಎಲ್ಲರೂ ತಲೆಯೆತ್ತಿ ಅವನನ್ನೇ ನೋಡುತ್ತಿರುವಾಗ, ತದ್ದೆಯಾ ಮಾತ್ರ ಬೇರೆ ಕಡೆ ನೋಡುತ್ತಿದ್ದಳು. ದೊರೆಸಾನಿಯ ಎಡಭುಜದ ಲಾಡಿ ಸಡಿಲಾಗಿ ತೋಳು ಮೆಲ್ಲಗೆ ಜಾರುತ್ತಿತ್ತು. ಒಂದೇ ತೂತಿಗೆ ಎರಡು ಲಾಡಿ ತುರುಕಿದ್ದಲ್ಲವೇ.

ದೊರೆಸಾನಿ ಬಲಗೈಯಿಂದ ಅದನ್ನು ಹಿಡಿದುಕೊಂಡು ಜಾಲರಿಯ ಕಡೆ ನೋಡಿದರು.

ಹೋಗು ಎಂದು ಬ್ರಿಜಿದಾ ತಳ್ಳಿದಳು. ಈ ದವಡೆ ಹೊತ್ತುಕೊಂಡು ನಾನು ಹೋದರೆ ಮೋಡಕ್ಕಿಂತ ನನ್ನನ್ನೇ ನೋಡುತ್ತಾರೆ ಎಂದಳು.

ಆ ಸಭೆಯನ್ನು ದಾಟಿ ನಡೆದದ್ದು ಹೇಗೋ ತದ್ದೆಯಾಳಿಗೆ ಆಮೇಲೆ ನೆನಪಿಗೆ ಬರಲಿಲ್ಲ. ನೆನಪಿದ್ದದ್ದು ಕಲ್ಲಿನ ನೆಲ ಮಾತ್ರ. ತಲೆ ತಗ್ಗಿಸಿಯೇ ಇದ್ದಳು. ಮೇಲೆ ದೇವತೆ ಪ್ರೀತಿಯೇ ಶಾಂತಿಯೇ ಎಂದು ಹಾಡುತ್ತಿದ್ದ, ನಡುನಡುವೆ ಹಗ್ಗದವರಿಗೆ ಬೈಯುತ್ತಿದ್ದ. ಅವಳು ದೊರೆಸಾನಿಯ ಹಿಂದೆ ಬಾಗಿ ಲಾಡಿಗೆ ಕೈ ಹಾಕಿದಳು. ಲಾಡಿ ಜಾರಿ ಜಾರಿ ಗಂಟು ಕೂರಲಿಲ್ಲ.

ಆಗ ದೊರೆ, ಎದುರಿಗೇ ನೋಡುತ್ತ, ತುಟಿ ಹೆಚ್ಚು ಆಡಿಸದೆ ಹೇಳಿದರು:

"ಇದನ್ನ ನೀನೇ ಕಳಿಸಿದ್ದಾ?"

ನೀನು ಎಂದರು. ತಾವು ಅಲ್ಲ. ತದ್ದೆಯಾಳ ಬೆರಳು ನಿಂತೇಹೋಯಿತು. ದೊರೆಸಾನಿ ಸ್ವಲ್ಪವೇ ತಲೆ ತಿರುಗಿಸಿದರು. ಹುಡುಗಿಯ ಕಿವಿ ಅಂಗಿಯ ಬಣ್ಣಕ್ಕೆ ತಿರುಗಿದ್ದನ್ನು ನೋಡಿದರು. ಅವರಿಗೆ ಎಲ್ಲ ತಿಳಿದುಹೋಯಿತು ಎಂದು ಅವಳಿಗೂ ತಿಳಿಯಿತು. ಈಗ 'ಇಲ್ಲ, ಈ ಹುಡುಗಿಯ ತಪ್ಪು' ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು.

"ಕಳಿಸಿದ್ರೆ ಹಾಕ್ಕೋತಿದ್ರಾ?" ಎಂದರು ದೊರೆಸಾನಿ.

"ಹಾಕ್ಕೊಂಡೇ ಕೂತಿದೀನಲ್ಲ."

"ಬಿಗಿಯಾಗಿಲ್ವಾ?"

"ರಕ್ತ ಓಡ್ತಿಲ್ಲ. ಬೆರಳು ಮರಗಟ್ಟಿದೆ." ದೊರೆ ಬೆರಳುಗಳನ್ನು ಮಡಚಿ ಬಿಚ್ಚಿ ಹೇಳಿದರು, "ಒಂದು ಒಳ್ಳೇದು. ಇವತ್ತು ನಿದ್ದೆ ಬರಲ್ಲ."

ದೊರೆಸಾನಿಯ ಭುಜ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡಳು ತದ್ದೆಯಾ. ಅಲ್ಲ. ಅವರು ನಗುವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು, ಅದು ಮೂಗಿನಿಂದ ಹೊರಬಂತು. ರಾಜವಂಶದ ಹೆಣ್ಣು ಮಾಡುವ ಸದ್ದಲ್ಲ ಅದು. ಎರ್ಕೊಲಾನೊ ಇತ್ತ ತಿರುಗಿದರು.

"ಆವತ್ತು ಗಡಿಯಿಂದ ಬಂದಿದ್ದೆ," ದೊರೆ ಮೇಜಿನ ಉಪ್ಪಿನ ಬಟ್ಟಲಿಗೆ ಹೇಳುವಂತೆ ಹೇಳಿದರು. "ಹಗಲೂ ರಾತ್ರಿ ಕುದುರೆ ಮೇಲೆ. ನಿನ್ನ ಹಾಡು ತಪ್ಪಿಹೋಗತ್ತೆ ಅಂತ ಬೂಟು ಕೂಡ ಬಿಚ್ಚದೆ ಬಂದು ಕೂತೆ."

"ಇದನ್ನ ಆವತ್ತೇ ಹೇಳೋಕೇನಾಗಿತ್ತು?"

"ನೀನು ಪಾರುಪತ್ತೇಗಾರನ್ನ ಕಳಿಸಿದೆ. ಅವನ ಹತ್ರ ಹೇಳ್ಲಾ, ಬೂಟಿನ ವಿಷಯ?"

ಗಂಟು ಕೂತಿತು. ತದ್ದೆಯಾ ಹಿಂದೆ ಸರಿಯುವಾಗ ದೊರೆಸಾನಿ, ಕುತ್ತಿಗೆ ತಿರುಗಿಸದೆಯೇ, ಮೇಜಿನ ಮೇಲಿನ ಒಂದು ಸಕ್ಕರೆಯ ಸೈನಿಕನನ್ನು ಮುರಿದು ಅವಳ ಅಂಗೈಗೆ ಹಾಕಿದರು. ಅಷ್ಟರಲ್ಲಿ ಹಗ್ಗವೂ ಬಿಡಿಸಿಕೊಂಡಿತು. ಮೋಡ ಧೊಪ್ಪನೆ ಇಳಿದು ಕೋಟೆಗೆ ಒಂದು ಗೇಣು ಮೇಲೆ ನಿಂತಿತು. ರೊಟ್ಟಿಯಂಗಡಿಯವನ ತಮ್ಮ ದಂಪತಿಗಳ ತಲೆಯ ಮೇಲೆ ಹೂ ಎರಚಿ, ಜೀವ ಉಳಿದ ಸಂತೋಷಕ್ಕೆ ಎರಡು ಚರಣ ಹೆಚ್ಚಿಗೇ ಹಾಡಿದ. ಆಮೇಲಿನ ಕುಣಿತದಲ್ಲಿ ದೊರೆ ದೊರೆಸಾನಿ ಇಬ್ಬರೂ ಎಡಗೈ ಎತ್ತಿದಾಗಲೆಲ್ಲ ಗೋಪುರ ಒಂದು ಕಡೆ, ಕೊಕ್ಕರೆ ಒಂದು ಕಡೆ ಮಿನುಗಿದವು. ಒಬ್ಬರ ಕೈ ತುಂಬ ಮುಚ್ಚಿ, ಇನ್ನೊಬ್ಬರದು ತುಂಬ ಬಯಲಾಗಿ, ನೋಡಲು ಚೆನ್ನಾಗೇನೂ ಇರಲಿಲ್ಲ. ಆದರೆ ಚಪ್ಪಾಳೆ ಬಿತ್ತು. ಮುಂದಿನ ವಾರ ಊರಿನ ಮೂರು ಸಾಹುಕಾರರ ಮನೆಯವರು ಜಿಲಿಯೊನ ಹತ್ತಿರ ಒಂದು ತೋಳು ಉದ್ದ ಒಂದು ಗಿಡ್ಡ ಹೊಲಿಯೆಂದು ಹೇಳಿದರು ಎನ್ನುವುದು ಬೇರೆ ಮಾತು.

ಮಾರನೆಯ ಬೆಳಿಗ್ಗೆ ಫೋಸ್ಕೊ ತೋಳುಗಳನ್ನು ಹಿಂದಿರುಗಿಸಲು ಬಂದಾಗ ಬ್ರಿಜಿದಾಳ ದವಡೆ ಇಳಿದಿತ್ತು, ಬಾಯಿ ಏರಿತ್ತು. ದೊರೆಗೆ ತೊಡಿಸುವಾಗ ನಿನ್ನ ಕಣ್ಣು ಎಲ್ಲಿತ್ತೋ, ಕತ್ತೆ ಮೇಯಿಸಲು ಹೋಗಿತ್ತೇನೋ ಎಂದು ಅವನನ್ನು ವಿಚಾರಿಸಿಕೊಂಡಳು. ಅವನು ಗಡ್ಡ ಕೆರೆದುಕೊಂಡ.

"ನಂಗೆ ಕಾಣಿಸ್ತಲ್ಲವ್ವಾ. ಇದು ಅಮ್ಮಾವ್ರದ್ದು ಬುದ್ಧೀ, ಬಿಚ್ಲಾ ಅಂದೆ. ಬುದ್ಧಿಯೋರು ಕೊಕ್ಕರೆ ನೋಡಿದ್ರು, ನೋಡಿದ್ರು. ಇರ್ಲಿ ಬಿಡು, ಗಟ್ಟಿಯಾಗಿ ಕಟ್ಟು ಅಂದ್ರು."

ಎರ್ಕೊಲಾನೊ ಹೊರಡುವ ಸಿದ್ಧತೆಯಲ್ಲಿದ್ದರು. ಅವರನ್ನು ಬೀಳ್ಕೊಡಲು ದೊರೆಸಾನಿ ಬೂದು ಬಣ್ಣದ ಸಾದಾ ತೋಳು ಕೇಳಿದರು. ಕಟ್ಟುತ್ತ ಕಟ್ಟುತ್ತ ತದ್ದೆಯಾ ಧೈರ್ಯ ಒಟ್ಟು ಮಾಡಿಕೊಂಡಳು. ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಮಾತು.

"ಅಮ್ಮಾವ್ರೇ, ನಿನ್ನೆ ತೋಳು…"

"ಹೇಳ್ಬೇಡ," ಎಂದರು ದೊರೆಸಾನಿ. "ಹೇಳಿದ್ರೆ ನಾನು ಕೇಳಿದ ಹಾಗಾಗತ್ತೆ. ಕೇಳಿದ್ಮೇಲೆ ಬೈಬೇಕಾಗತ್ತೆ."

ಆಮೇಲೆ ಕಿಟಕಿಯ ಹೊರಗೆ ನೋಡುತ್ತ, ಯಾರಿಗೋ ಎನ್ನುವಂತೆ ಹೇಳಿದರು, ಮೆಟ್ಟಿಲಿನ ಹತ್ತಿರವೇ ಮಡಿಕೆಯೊಳಗಿನ ಗೋಪುರ ತಮಗೆ ಕಂಡಿತ್ತು ಎಂದು. ಹಿಂದಿರುಗಿ ಬಿಚ್ಚಿಸಬೇಕು ಎಂದುಕೊಂಡರಂತೆ. "ಆದ್ರೆ ಇವರದ್ದು ನನ್ನ ಕೈಮೇಲಿದ್ರೆ, ನನ್ನದು ಎಲ್ಲಿರ್ಬೇಕು? ಅದನ್ನೊಂದು ನೋಡಿಬಿಡೋಣ ಅನ್ನಿಸ್ತು."

ಕೆಳಗೆ ಅಂಗಳದಲ್ಲಿ ಗದ್ದಲ. ತದ್ದೆಯಾಳೂ ಇಣುಕಿದಳು. ಹೇಸರಗತ್ತೆಗಳ ಮೇಲೆ ಮೇನೆ ಏರಿಸಿದ್ದರು, ಪರದೆ ಮುಚ್ಚಿತ್ತು. ದೊರೆಸಾನಿ ತನ್ನ ಪಕ್ಕದಲ್ಲೇ ನಿಂತಿದ್ದಾರೆ ಎಂದು ನೆನಪಾಗಲು ಒಂದು ಗಳಿಗೆ ಬೇಕಾಯಿತು. ಗಾಳಿಗೆ ಪರದೆ ಹಾರಿದಾಗ ಒಳಗೆ ಹೊಸ ದಿಂಬುಗಳ ನಡುವೆ ಸಕ್ಕರೆಯ ಕೋಟೆ ಗಂಭೀರವಾಗಿ ಕೂತಿದ್ದು ಕಂಡಿತು. ಇಸೊತ್ತಾರ ತಂದೆಗೆ ಉಡುಗೊರೆಯಂತೆ. ಇಷ್ಟು ದೂರದಿಂದ ತಂದ ಮೇನೆ ಖಾಲಿ ಹೋಗಬಾರದು ಎಂದು ಎರ್ಕೊಲಾನೊ ಅವರೇ ಕೇಳಿ ಪಡೆದರಂತೆ. ದೊರೆ ತಾವೇ ನಿಂತು ಹುರಿಹಗ್ಗ ಬಿಗಿಸುತ್ತಿದ್ದರು, ಮೆಲ್ಲಗೆ ಮೆಲ್ಲಗೆ ಎಂದು ಕೂಗುತ್ತಿದ್ದರು.

ಅವರನ್ನೆಲ್ಲ ಕಳಿಸಿ ಬಂದ ಮೇಲೆ ದೊರೆಸಾನಿ ಕೆಂಪು ತೋಳುಗಳನ್ನು ಪೆಟ್ಟಿಗೆಗೆ ಇಡಲು ಹೇಳಿದರು. ಹೇಗೆ ಕಟ್ಟಲಿ ಎಂದು ಈ ಸಲ ತದ್ದೆಯಾ ಕೇಳಿದಳು. ಜಿಲಿಯೊ ಕಟ್ಟಿದ್ದ ಹಾಗೇ ಎಂದರು. ಅವಳು ನೀಲಿ ದಾರ ಹುಡುಕಿ, ಗೋಪುರಕ್ಕೆ ಕೊಕ್ಕರೆ, ಕೊಕ್ಕರೆಗೆ ಗೋಪುರ ಸೇರಿಸಿ ಕಟ್ಟಿದಳು. ಬ್ರಿಜಿದಾ ಎರಡು ಸಲ ಎಳೆದು ನೋಡಿ, ಗಂಟು ಹಾಕುವುದನ್ನಾದರೂ ಕಲಿತೆಯಲ್ಲ ಎಂದಳು.

ಮಧ್ಯಾಹ್ನದ ಊಟ ಮುಗಿದು ಅರಮನೆ ಸದ್ದಡಗಿದ ಮೇಲೆ ತದ್ದೆಯಾ ತನ್ನ ಸಂದಿಯಲ್ಲಿ ಬೆಚ್ಚನೆಯ ಗೋಡೆಗೆ ಒರಗಿ ಸಕ್ಕರೆಯ ಸೈನಿಕನ ಟೋಪಿಯನ್ನು ನೆಕ್ಕುತ್ತಿದ್ದಳು. ಕಾಲು ಬೇಗ ಕರಗದಿರಲಿ ಎಂದು ಕೆಳಗಿನಿಂದ ಬಟ್ಟೆ ಸುತ್ತಿ ಹಿಡಿದಿದ್ದಳು. ಬಟ್ಟೆಮನೆಯ ಆಚೆ, ದೊರೆಸಾನಿಯ ಕೋಣೆಯಲ್ಲಿ, ತಂತಿಗಳನ್ನು ಯಾರೋ ಶ್ರುತಿ ಮಾಡಿದರು. ಒಂದು ವರ್ಷದಿಂದ ಕೇಳದ ಹಾಡು ಶುರುವಾಯಿತು. ಬರಬರುತ್ತ ಮೆಲ್ಲಗಾಗಿ, ಮೆಲ್ಲಗಾಗಿ, ಆ ಜಾಗಕ್ಕೆ ಬಂತು. ತದ್ದೆಯಾ ನೆಕ್ಕುವುದನ್ನು ನಿಲ್ಲಿಸಿದಳು.

ಗೊರಕೆ ಕೇಳಿತು. ಮರ ಕೊಯ್ಯುವಂಥದ್ದೇ.

ಹಾಡು ನಿಂತಿತು. ಕುರ್ಚಿ ಸರಿದ ಸದ್ದಾಯಿತು, ಆಮೇಲೆ ದೊರೆಸಾನಿಯ ಮಾತು, ಬೇಸರವಿಲ್ಲದ್ದು:

"ಬೂಟಾದ್ರೂ ಬಿಚ್ಚಿ ಮಲಗಬಾರ್ದಾ."

ಒಂದು ಬೂಟು ನೆಲಕ್ಕೆ ಬಿತ್ತು. ತುಸು ಹೊತ್ತಿಗೆ ಇನ್ನೊಂದು. ಹಾಡು ನಿಂತಲ್ಲಿಂದ ಮುಂದುವರಿಯಿತು. ಗೋಡೆಯ ಬಿಸಿ ಬೆನ್ನಿಗೆ ಹತ್ತುತ್ತ, ಕೆಳಗೆ ನಿನ್ನೆಯ ಬಾತುಕೋಳಿಯ ಮೂಳೆಗಳನ್ನು ಬೇಯಿಸುತ್ತಿದ್ದಾರೆ ಎಂದುಕೊಂಡು, ತದ್ದೆಯಾ ಸೈನಿಕನ ತಲೆಯನ್ನು ಕಟುಂ ಎಂದು ಕಚ್ಚಿದಳು.